ಎನ್‌ಕ್ರಿಪ್ಟ್ ಆದ ಲ್ಯಾಪ್‌ಟಾಪ್‌ನ ಪಾಸ್‌ವರ್ಡ್ ಮರೆತಿದೆ, ಮತ್ತೆ ಉಬುಂಟು ಆಪರೇಟಿಂಗ್ ಸಿಸ್ಟಂ ಹಾಕಬಹುದಾ?

ಖಂಡಿತ ಹಾಕಬಹುದು. ಡಿಸ್ಕ್ ಕೆಟ್ಟುಹೋಯಿತೇ ಎಂದು ಕೇಳಿದ್ದೀರಿ. ಇಲ್ಲ, ಅದಕ್ಕೇನೂ ಆಗಿಲ್ಲ. ಪಾಸ್‌ವರ್ಡ್ ಇಲ್ಲದೆ ಒಳಗಿನ ಫೈಲುಗಳನ್ನು ಓದಲು ಆಗುವುದಿಲ್ಲ ಅಷ್ಟೇ. ಎಲ್ಲ ಅಳಿಸಿ ಹೊಸದಾಗಿ ಬರೆಯಲು ಪಾಸ್‌ವರ್ಡ್ ಬೇಕಿಲ್ಲ.

ಆದರೆ ಮಗಳ ಚಿಕ್ಕಂದಿನ ಫೋಟೋಗಳು ಅದರಲ್ಲೇ ಇವೆ, ಬೇರೆಲ್ಲೂ ಕಾಪಿ ಇಲ್ಲ ಎಂದೂ ಬರೆದಿದ್ದೀರಿ. ಹಾಗಿದ್ದರೆ ದಯವಿಟ್ಟು ಈಗಲೇ ಇನ್‌ಸ್ಟಾಲ್ ಮಾಡಬೇಡಿ.

ಯಾಕೆ ಅಂದರೆ, ಉಬುಂಟು ಬಳಸುವ ಲಕ್ಸ್ (LUKS) ಎಂಬ ಎನ್‌ಕ್ರಿಪ್ಷನ್‌ನಲ್ಲಿ ಫೈಲುಗಳನ್ನು ತೆರೆಯುವ ನಿಜವಾದ ಕೀ ನಿಮ್ಮ ಪಾಸ್‌ವರ್ಡ್ ಅಲ್ಲ. ಆ ಕೀ ಬೇರೆಯೇ ಇದೆ. ಅದು ಪಾರ್ಟಿಷನ್‌ನ (ಡಿಸ್ಕ್‌ನ ಒಂದು ಭಾಗದ) ಶುರುವಿನಲ್ಲಿರುವ ಹೆಡರ್ ಎಂಬ ಜಾಗದಲ್ಲಿ ಕೂತಿರುತ್ತದೆ. ಲಕ್ಸ್‌ನ ಎರಡನೇ ಆವೃತ್ತಿ, ಅಂದರೆ ಲಕ್ಸ್ 2 ಆದರೆ ಸಾಮಾನ್ಯವಾಗಿ ಈ ಹೆಡರ್ 16 ಎಂಬಿಯಷ್ಟು. ಪಾಸ್‌ವರ್ಡ್ ಕೀ ಇಟ್ಟಿರುವ ಈ ಹೆಡರ್ ಎಂಬ ಪೆಟ್ಟಿಗೆಯನ್ನು ಮಾತ್ರ ತೆರೆಯುತ್ತದೆ. ಇನ್‌ಸ್ಟಾಲರ್‌ನಲ್ಲಿ ‘ಡಿಸ್ಕ್ ಅಳಿಸಿ’ ಒತ್ತಿದರೆ ಮೊದಲು ಹಾಳಾಗುವುದೇ ಈ ಹೆಡರ್. ಆಮೇಲೆ ಪಾಸ್‌ವರ್ಡ್ ನೆನಪಾದರೂ ಪ್ರಯೋಜನ ಇಲ್ಲ.

ನಾನಾಗಿದ್ದರೆ ಹಳೆ ಡಿಸ್ಕನ್ನು ಬಿಚ್ಚಿ ಎತ್ತಿಟ್ಟು, ಹೊಸ ಎಸ್‌ಎಸ್‌ಡಿ ಹಾಕಿ ಅದಕ್ಕೆ ಉಬುಂಟು ಇನ್‌ಸ್ಟಾಲ್ ಮಾಡುತ್ತೇನೆ. ಸ್ವಲ್ಪ ಖರ್ಚಾಗುತ್ತದೆ ನಿಜ, ಆದರೆ ಒಮ್ಮೆ ಹೋದ ಫೋಟೋ ಮತ್ತೆ ಸಿಗುವುದಿಲ್ಲ ಅಲ್ವಾ?

ಆಮೇಲೆ ನಿಧಾನವಾಗಿ ಪಾಸ್‌ವರ್ಡ್ ಹುಡುಕಿ. ಎಷ್ಟು ಸಲ ತಪ್ಪಾದರೂ ಲಕ್ಸ್ ಏನನ್ನೂ ಅಳಿಸುವುದಿಲ್ಲ, ಹಾಗಾಗಿ ಭಯ ಬೇಡ. ಕ್ಯಾಪ್ಸ್ ಲಾಕ್, ನಮ್ ಲಾಕ್ ನೋಡಿ. ಕೀಬೋರ್ಡ್ ಲೇಔಟ್ ಕೂಡ ನೋಡಿ, ಇದನ್ನು ತುಂಬಾ ಜನ ಗಮನಿಸುವುದೇ ಇಲ್ಲ. ಅಮೆರಿಕದ ಲೇಔಟ್‌ನಲ್ಲಿ @ ಇರುವ ಕಡೆ ಬ್ರಿಟನ್ ಲೇಔಟ್‌ನಲ್ಲಿ " ಬರುತ್ತದೆ. ಪಾಸ್‌ವರ್ಡ್ ಇಟ್ಟಾಗ ಒಂದು ಲೇಔಟ್, ಈಗ ಇನ್ನೊಂದು ಇದ್ದರೆ ಸರಿಯಾದ ಪಾಸ್‌ವರ್ಡ್ ಕೂಡ ತಪ್ಪು ಅನ್ನುತ್ತದೆ. ಹಳೆ ಡಿಸ್ಕನ್ನು ಮತ್ತೆ ಜೋಡಿಸಿ, ಉಬುಂಟು ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆಯೇ ಉಬುಂಟು ಓಡಿಸುವ ಪೆನ್‌ಡ್ರೈವ್) ಬೂಟ್ ಮಾಡಿ, ಟೆಕ್ಸ್ಟ್ ಎಡಿಟರ್‌ನಲ್ಲಿ ಟೈಪ್ ಮಾಡಿ ನೋಡಿ, ಆಮೇಲೆ ಡಿಸ್ಕ್ಸ್ ಆ್ಯಪ್‌ನಲ್ಲಿ ಅನ್‌ಲಾಕ್ ಮಾಡಿ. ಪಾಸ್‌ವರ್ಡ್ ಇಲ್ಲದೆಯೇ ತೆಗೆದುಕೊಡುತ್ತೇವೆ ಎನ್ನುವವರಿಗೆ ಸುಮ್ನೆ ದುಡ್ಡು ಕೊಡಬೇಡಿ. ಪಾಸ್‌ವರ್ಡ್ ಗಟ್ಟಿಯಾಗಿದ್ದರೆ ಅದು ಯಾರಿಂದಲೂ ಆಗದ ಕೆಲಸ.

ಫೋಟೋ ಹೋದರೂ ಪರವಾಗಿಲ್ಲ ಅಂತ ಮನೆಯವರೆಲ್ಲ ಒಪ್ಪಿದರೆ ಉಳಿದದ್ದು ಸುಲಭ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಪೂರ್ತಿ ಡಿಸ್ಕ್ ಅಳಿಸುವ ಆಯ್ಕೆ ಒತ್ತಿ. ಇನ್‌ಸ್ಟಾಲರ್ ಹಳೆ ಪಾರ್ಟಿಷನ್ ನೋಡಿ ತಕರಾರು ಮಾಡಿದರೆ ಡಿಸ್ಕ್ಸ್ ಆ್ಯಪ್‌ನಲ್ಲಿ ಇಡೀ ಡಿಸ್ಕನ್ನು ಜಿಪಿಟಿ (ಡಿಸ್ಕನ್ನು ಭಾಗ ಮಾಡುವ ಒಂದು ವಿಧಾನ) ಎಂದು ಫಾರ್ಮ್ಯಾಟ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ಶುರುಮಾಡಿ.

ಒಂದು ವಿಷಯ ಖಚಿತ ಮಾಡಿಕೊಳ್ಳಿ. ಲ್ಯಾಪ್‌ಟಾಪ್ ಆನ್ ಆದ ತಕ್ಷಣ, ಕಂಪನಿಯ ಲೋಗೋ ಹಂತದಲ್ಲೇ ಪಾಸ್‌ವರ್ಡ್ ಕೇಳಿದರೆ ಅದು ಬಯೋಸ್ (ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ, ಅದರೊಳಗೇ ಇರುವ ಸಾಫ್ಟ್‌ವೇರ್) ಅಥವಾ ಹಾರ್ಡ್‌ಡಿಸ್ಕ್ ಪಾಸ್‌ವರ್ಡ್ ಇರಬಹುದು. ಅದಕ್ಕೆ ಮೇಲಿನ ದಾರಿ ನಡೆಯುವುದಿಲ್ಲ.

ಹೊಸದರಲ್ಲೂ ಎನ್‌ಕ್ರಿಪ್ಷನ್ ಇಡಿ, ಲ್ಯಾಪ್‌ಟಾಪ್ ಕಳವಾದರೆ ಕಾಪಾಡುವುದು ಅದೇ. ಒಂದೇ ಡಿಸ್ಕ್‌ಗೆ ಹಲವು ಪಾಸ್‌ವರ್ಡ್ ಇಡಬಹುದು. ಲಕ್ಸ್ 1ರಲ್ಲಿ 8, ಲಕ್ಸ್ 2ರಲ್ಲಿ 32ರ ತನಕ ಜಾಗ ಇದೆ. ‘ಕ್ರಿಪ್ಟ್‌ಸೆಟಪ್ ಲಕ್ಸ್‌ಆ್ಯಡ್‌ಕೀ’ (cryptsetup luksAddKey) ಕಮಾಂಡ್‌ನಿಂದ ಎರಡನೆಯದನ್ನು ಸೇರಿಸಿ, ಕಾಗದದಲ್ಲಿ ಬರೆದು ಮನೆಯ ದಾಖಲೆಗಳ ಜೊತೆ ಇಡಿ. ಫೋಟೋಗಳ ಒಂದು ಕಾಪಿ ಬೇರೆ ಡ್ರೈವ್‌ನಲ್ಲೂ ಇರಲಿ.