ಬಟ್ಟೆ ಹೋದ ದಾರಿಯಲ್ಲೇ ದೂರೂ ಹೋಗಲಿ

ಪ್ರಿಯ ಸೋದರಿ,

ಹಾಸನದ ಗಾರ್ಮೆಂಟ್ಸ್‌ನಿಂದ ಬರೆದಿದ್ದೀರಿ. ಕಳೆದ ಸಂಚಿಕೆಯಲ್ಲಿ ಬಂದ ದೇಶದೇಶಗಳ ಮಹಿಳಾ ಚಳವಳಿಯ ಲೇಖನ ಓದಿ, "ಟಾರ್ಗೆಟ್ ಮುಗಿಸೋಕೆ ನೀರೂ ಕುಡಿಯದೆ ಕೂರುವ ನಮಗೆ ಆ ಸಮ್ಮೇಳನಗಳಿಂದ ಏನು ಸಿಕ್ಕಿತು?" ಎಂದು ಕೇಳಿದ್ದೀರಿ.

ಸಮ್ಮೇಳನದಿಂದಲೇ ಏನೂ ಸಿಗುವುದಿಲ್ಲ. 1995ರಲ್ಲಿ ಬೀಜಿಂಗ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನದಲ್ಲಿ ದೊಡ್ಡ ಘೋಷಣೆಯೇ ಆಯಿತು. ಅದು ತಾನಾಗಿ ನಿಮ್ಮ ಹೊಲಿಗೆ ಲೈನಿನ ತನಕ ಬರಲಿಲ್ಲ. ಆದರೆ ನೀವು ಹೊಲಿಯುವ ಬಟ್ಟೆ ಯಾವ ಬಯರ್‌ಗೆ, ಅಂದರೆ ಅದನ್ನು ಕೊಳ್ಳುವ ಯಾವ ಕಂಪನಿಗೆ ಹೋಗುತ್ತದೆ ಎಂದು ನಿಮಗೆ ಗೊತ್ತು. ಲೇಬಲ್ ಹೊಲಿಯುವವರೇ ನೀವು, ಅಲ್ವಾ? ನಿಮ್ಮ ಬಲ ಅಲ್ಲಿದೆ.

ತಮಿಳುನಾಡಿನ ದಿಂಡಿಗಲ್‌ನಲ್ಲಿ ಆದದ್ದು ನೋಡಿ. 2021ರ ಜನವರಿಯಲ್ಲಿ ಅಲ್ಲಿನ ಗಾರ್ಮೆಂಟ್ಸ್ ಒಂದರ ದಲಿತ ಯುವತಿಯ ಕೊಲೆಯಾಯಿತು. ಬಂಧನವಾದದ್ದು ಅವಳ ಸೂಪರ್‌ವೈಸರ್. ದಲಿತ ಹೆಣ್ಣುಮಕ್ಕಳೇ ಮುಂದೆ ನಿಂತು ನಡೆಸುವ ಯೂನಿಯನ್ ಟಿ.ಟಿ.ಸಿ.ಯು. ಸುಮ್ನೆ ಕೂರಲಿಲ್ಲ. ಏಷ್ಯಾದ ಗಾರ್ಮೆಂಟ್ಸ್ ಕಾರ್ಮಿಕ ಸಂಘಟನೆಗಳ ಕೂಟವಾದ ಏಷ್ಯಾ ಫ್ಲೋರ್ ವೇಜ್ ಅಲಯನ್ಸ್ ಮತ್ತು ಅಮೆರಿಕದ ಒಂದು ಕಾರ್ಮಿಕ ಸಂಘಟನೆಯ ಜೊತೆ ಸೇರಿ ಬಯರ್‌ಗಳ ಬೆನ್ನು ಹತ್ತಿತು. 2022ರಲ್ಲಿ ಎಚ್ ಅಂಡ್ ಎಂ, ಆಮೇಲೆ ಗ್ಯಾಪ್, ಪಿ.ವಿ.ಎಚ್. ಬಟ್ಟೆ ಕಂಪನಿಗಳು ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳ ಮೇಲಿನ ಕಿರುಕುಳ ತಡೆಯುವ ಕರಾರಿಗೆ ಸಹಿ ಹಾಕಿದವು. ಅದರ ಪ್ರಕಾರ ಕಾರ್ಖಾನೆ ಮಾತು ತಪ್ಪಿದರೆ ಆರ್ಡರಿಗೇ ಕುತ್ತು ಬರುತ್ತಿತ್ತು. ಯೂನಿಯನ್ ಆರಿಸಿದ ಕೆಲಸಗಾರ್ತಿಯರು ಪ್ರತಿ ಲೈನಿನ ಮೇಲೂ ಕಣ್ಣಿಡಬೇಕು ಎಂದಾಯಿತು. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವಂತಿರಲಿಲ್ಲ.

ಇಲ್ಲಿ ಮೊದಲು ಎದ್ದದ್ದು ಊರಿನ ಯೂನಿಯನ್. ಹೊರಗಿನವರು ಬಂದದ್ದು ಅದರ ಬೆನ್ನಿಗೆ. ಇದನ್ನು ತಲೆಕೆಳಗು ಮಾಡಿ ಹೇಳುವವರನ್ನು ನಾನು ಒಪ್ಪುವುದಿಲ್ಲ.

ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಹಣ್ಣು ಕುಯ್ಯುವ ನಿಮ್ಮ ಅಮ್ಮನ ಕಷ್ಟ ಇನ್ನೂ ಜಾಸ್ತಿ. ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ, ರೊಬಸ್ಟಾ ಬೆಲೆ ಲಂಡನ್ನಿನಲ್ಲಿ ತೀರ್ಮಾನವಾಗುತ್ತದೆ. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕೆಂದು ಕೋಟಾ ಹಾಕಿ ಬೆಲೆ ಹಿಡಿದಿಡುತ್ತಿದ್ದ ಅಂತರರಾಷ್ಟ್ರೀಯ ಒಪ್ಪಂದ 1989ರಲ್ಲೇ ಮುರಿದುಬಿತ್ತು. ಬೆಲೆ ಬಿದ್ದಾಗ ತೋಟದವರು ಮೊದಲು ಕೈಹಾಕುವುದು ಆಳಿನ ಖರ್ಚಿಗೆ. ಅಮ್ಮ ಕುಯ್ದ ಹಣ್ಣು ಬೀಜ ಹದಮಾಡುವ ಕ್ಯೂರಿಂಗ್‌ನಲ್ಲಿ ಹತ್ತಾರು ತೋಟಗಳ ಬೀಜದ ಜೊತೆ ಬೆರೆತುಹೋಗುತ್ತದೆ. ಅದು ಯಾರ ಲೋಟಕ್ಕೆ ಹೋಯಿತೋ ತಿಳಿಯದು. ಯಾವ ಬಯರ್‌ನ ಬಾಗಿಲು ತಟ್ಟಬೇಕು? ಕೇರಳದ ಮುನ್ನಾರಿನ ಟೀ ತೋಟದ ಹೆಂಗಸರು 2015ರಲ್ಲಿ ಯೂನಿಯನ್ ಗಂಡಸರನ್ನು ದೂರವಿಟ್ಟು ರಸ್ತೆಗಿಳಿದು ಬೋನಸ್ ಪಡೆದರು. ತೋಟಕ್ಕೆ ಸದ್ಯ ನನಗೆ ಕಾಣುವ ದಾರಿ ಅದೇ.

ನೀವು ಹೀಗೆ ಶುರು ಮಾಡಿ. ಹತ್ತು ಜನ ದುಡಿಯುವ ಕಡೆಯಲ್ಲೂ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು, ಅದಕ್ಕೆ ಹೆಣ್ಣುಮಗಳೇ ಅಧ್ಯಕ್ಷೆ ಆಗಬೇಕು ಎನ್ನುತ್ತದೆ 2013ರ ಕಾಯ್ದೆ. ನಿಮ್ಮಲ್ಲಿ ಅದರಲ್ಲಿ ಯಾರಿದ್ದಾರೆ ಎಂದು ಕೇಳಿ. ಒಬ್ಬರೇ ಹೋಗಬೇಡಿ. ಕಂಪನಿ ಬಸ್ಸಿನಲ್ಲಿ ಬರುವ ನಾಲ್ಕು ಜನರನ್ನು ಜೊತೆಗೆ ಕರೆದುಕೊಳ್ಳಿ. ಬೆಂಗಳೂರಿನ ಗಾರ್ಮೆಂಟ್ಸ್ ಯೂನಿಯನ್‌ಗಳ ವಿಳಾಸಗಳನ್ನು ಈ ವಾರವೇ ನಿಮಗೆ ಕಳಿಸುತ್ತೇನೆ.

– ಸಂಪಾದಕಿ