ಹ್ಯಾರಿ ಕ್ಲಾರ್ಕ್ ಚಿತ್ರಗಳಲ್ಲಿ ಹೆಣ ಬಿಟ್ಟು ನೋಡೋದಕ್ಕೆ ಏನಿದೆ?

ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋನ ಭಯಾನಕ ಕಥೆಗಳಿಗೆ ಐರಿಷ್ ಕಲಾವಿದ ಹ್ಯಾರಿ ಕ್ಲಾರ್ಕ್ ಬರೆದ ಚಿತ್ರಗಳನ್ನು ಎಲ್ಲರೂ ಹೊಗಳ್ತಾರೆ, ನನಗೆ ಮಸಿ ಮತ್ತು ಹೆಣ ಬಿಟ್ಟು ಏನೂ ಕಾಣಲಿಲ್ಲ ಅಂದಿದ್ದೀರಿ. ಮೊದಲು ಹೇಳಿ, ನೋಡಿದ್ದು ಯಾವ ಪ್ರತಿ?

ಸುಮ್ಮನೆ ಕೇಳ್ತಿಲ್ಲ. ನಾನೂ ಮುಂಬೈಯ ಮಾಟುಂಗದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಒಂದು ಅಗ್ಗದ ಮರುಮುದ್ರಣ ಕೊಂಡು, ಒಂದು ವರ್ಷ ನಿಮ್ಮ ಹಾಗೇ ಮುಖ ಸಿಂಡರಿಸಿಕೊಂಡಿದ್ದೆ. ಪರೇಲಿನ ಪ್ರೆಸ್ಸಿನಲ್ಲಿ ಅಚ್ಚಿನ ಪ್ಲೇಟ್ ಮಾಡೋದೇ ನನ್ನ ಹೊಟ್ಟೆಪಾಡು. ಆದರೂ ಮಸಿ ತುಂಬಿ ಕಟ್ಟಿಕೊಂಡ ಅಚ್ಚು ಅದು ಅಂತ ಹೊಳೆಯಲಿಲ್ಲ! ಆಮೇಲೆ ಒಬ್ಬ ಗಿರಾಕಿ ಒಳ್ಳೆಯ ಪ್ರತಿ ತಂದರು. ಚಹಾ ಬರೋತನಕ ಅಂತ ಅದರ ಮೇಲೆ ಲೂಪ್ (ಅಚ್ಚು ನೋಡೋ ಭೂತಗನ್ನಡಿ) ಇಟ್ಟು ಬಗ್ಗಿದೆ. ನಾನು ಬರೀ ಕಪ್ಪು ನಿಲುವಂಗಿ ಅಂದುಕೊಂಡಿದ್ದರ ತುಂಬ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕಿಗಳು, ಚುಕ್ಕಿಗಳ ನಡುವೆ ಬಳ್ಳಿ, ಬಳ್ಳಿಯ ಅಂಚಿಗೆ ಮತ್ತೆ ಚುಕ್ಕಿ. ಚಹಾ ಆರಿತು.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಚೌಕಿಯಲ್ಲಿ (ವೇಷ ಕಟ್ಟೋ ಕೋಣೆಯಲ್ಲಿ) ತಯಾರಾಗೋದನ್ನು ನೋಡಿದ್ದೀರಾ? ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚಿಟ್ಟಿ, ಅಂದರೆ ಉಬ್ಬಿದ ಬಿಳಿ ಚುಕ್ಕಿ, ಇಡ್ತಾ ಗಂಟೆಗಟ್ಟಲೆ ಕೂರ್ತಾರೆ. ರಾಕ್ಷಸನಿಗೆ ಅಷ್ಟು ಅಲಂಕಾರ ಯಾಕೆ? ಅಲಂಕಾರ ಇರೋದರಿಂದಲೇ ಅವನು ರಾಕ್ಷಸ. ಸಾದಾ ಮುಖಕ್ಕೆ ಮಸಿ ಬಳಿದುಕೊಂಡು ಬಂದರೆ ಮಕ್ಕಳು ನಗ್ತಾರೆ. ಕ್ಲಾರ್ಕ್‌ನ ಹೆದರಿಕೆಯೂ ಈ ಜಾತಿಯದೇ ಅನ್ನೋದು ನನ್ನ ಲೆಕ್ಕ. ಅವನ ಜನಕ್ಕೆ ಉದ್ದುದ್ದ ಬೆರಳು, ಕಾಡಿಗೆ ಮೆತ್ತಿದಂಥ ದೊಡ್ಡ ಕಣ್ಣು, ಮೈಮೇಲೆ ಮದುವೆಮನೆಗೆ ಹೊರಟ ಹಾಗೆ ಜರತಾರಿ. ಕೊಳೆಯೋ ಮೈ ಅದರೊಳಗಿದೆ ಅಂತ ಆಮೇಲೆ ಗೊತ್ತಾಗುತ್ತೆ.

ಇನ್ನೊಂದು, ಆತ ಮೂಲತಃ ಗಾಜಿನ ಕೆಲಸಗಾರ. ಹುಟ್ಟಿದ್ದು 1889ರಲ್ಲಿ, ಡಬ್ಲಿನ್‌ನಲ್ಲಿ. ಅಪ್ಪನದು ಚರ್ಚುಗಳನ್ನು ಅಲಂಕರಿಸೋ ದಂಧೆ. ಐರ್ಲೆಂಡಿನ ಕಾರ್ಕ್ ಊರಿನ ಹೋನನ್ ಚಾಪೆಲ್‌ನಲ್ಲಿ ಇವನು ಮಾಡಿದ 11 ಬಣ್ಣದ ಗಾಜಿನ ಕಿಟಕಿಗಳಿವೆ. ಬಿಳಿ ಗಾಜಿನ ಮೇಲೆ ಬಣ್ಣದ ತೆಳು ಪದರ ಇರುತ್ತಲ್ಲ, ಅದನ್ನು ಆಸಿಡ್‌ನಿಂದ ಅಲ್ಲಲ್ಲಿ ತಿನ್ನಿಸಿ ಬೆಳಕು ತೆರೆಯೋದು ಅವನಿಗೆ ಕರಗತ. ಕಾಗದದ ಮೇಲೂ ಆ ಕೈಯೇ ಓಡಿದೆ. ಬಿಳಿಯ ಮೇಲೆ ಕಪ್ಪು ಗೆರೆ ಎಳೆದ ಹಾಗಲ್ಲ, ಕತ್ತಲೆಗೆ ಸೂಜಿ ಚುಚ್ಚಿ ಬೆಳಕು ಬಿಟ್ಟ ಹಾಗೆ. ನಂಬಿಕೆ ಬಾರದಿದ್ದರೆ ಒಂದು ಬೆಳಗ್ಗೆ ಕೊಲಾಬಾದ ಅಫ್ಘನ್ ಚರ್ಚಿಗೆ ಹೋಗಿ ಸುಮ್ಮನೆ ಕೂತು ಬನ್ನಿ. ಅಲ್ಲಿರೋದು ಕ್ಲಾರ್ಕ್ ಗಾಜಲ್ಲ, ಆದರೆ ಗಾಜಿನ ತುಂಡುಗಳನ್ನು ಜೋಡಿಸೋ ಸೀಸದ ಕಪ್ಪು ಪಟ್ಟಿ ಪಕ್ಕದ ಬಣ್ಣಕ್ಕೆ ಏನು ಮಾಡುತ್ತೆ ಅಂತ ಕಣ್ಣಿಗೆ ಅಭ್ಯಾಸ ಆಗುತ್ತೆ.

ಪೋ ಪುಸ್ತಕ ಲಂಡನ್ನಿನಲ್ಲಿ 1919ರಲ್ಲಿ ಬಂದಾಗ ಇದ್ದದ್ದು 24 ಕಪ್ಪು-ಬಿಳುಪು ಚಿತ್ರ. 1923ರಲ್ಲಿ 8 ಬಣ್ಣದವು ಸೇರಿದವು. ಬಣ್ಣದವು ಚೆಂದವೇ, ನನಗೆ ಮಾತ್ರ ಕಪ್ಪು-ಬಿಳುಪೇ ಮೇಲು. ಕ್ಷಯ ಬಡಿದು 1931ರಲ್ಲಿ, 41ನೇ ವಯಸ್ಸಿಗೆ ತೀರಿಕೊಂಡ. ಹಾಗಾಗಿ ಹಕ್ಕುಸ್ವಾಮ್ಯದ ತಕರಾರಿಲ್ಲದೆ ದೊಡ್ಡ ಸ್ಕ್ಯಾನ್‌ಗಳು ಸಿಗ್ತವೆ. ಮೊಬೈಲಿನಲ್ಲಿ ಬೇಡ, ದೊಡ್ಡ ಪರದೆಯಲ್ಲಿ ನೋಡಿ.

ಶುರುವಿಗೆ ಕರಿ ಬೆಕ್ಕಿನ ಕಥೆಯ ಚಿತ್ರ ತೆಗೀರಿ, ಗೋಡೆಯೊಳಗಿಟ್ಟಿದ್ದ ಹೆಣದ ತಲೆ ಮೇಲೆ ಬೆಕ್ಕು ಕೂತಿರೋದು. ಬೆಕ್ಕನ್ನೂ ಹೆಣದ ಮುಖವನ್ನೂ ಅಂಗೈಯಿಂದ ಮುಚ್ಚಿ. ಉಳಿದದ್ದನ್ನು ಸೀರೆ ಅಂಗಡಿಯಲ್ಲಿ ಸೆರಗು ನೋಡೋ ಹಾಗೆ, ಮೂಲೆಯಿಂದ ಮೂಲೆಗೆ, ಐದು ನಿಮಿಷ ನೋಡಿ. ಆಮೇಲೆ ಕೈ ತೆಗೀರಿ.