ಮಗಳಿಗೆ ಹ್ಯಾಮ್‌ಸ್ಟರ್: ರೋಬೋ ಬೇಡ, ಜೋಡಿಯೂ ಬೇಡ

ಅಕ್ಕಾ, ಏಳನೇ ಕ್ಲಾಸಿನ ಮಗಳಿಗೆ ಕೈಯಲ್ಲಿ ಹಿಡಿದು ಆಡಿಸಲು ಡ್ವಾರ್ಫ್ ಹ್ಯಾಮ್‌ಸ್ಟರ್ (ಇಲಿಯಂಥ ಪುಟ್ಟ ಸಾಕುಪ್ರಾಣಿ) ಬೇಕು, ಅಂಗಡಿಯವರು ರೋಬೋ, ಅಂದರೆ ರೋಬೊರೊವ್‌ಸ್ಕಿ ಜಾತಿಯ ಜೋಡಿ ತಗೊಳ್ಳಿ ಅಂತಿದ್ದಾರೆ ಎಂದು ಬರೆದಿದ್ದೀರಿ. ರೋಬೋ ಬೇಡ. ನನ್ನ ಹತ್ತಿರ ಒಂದಿದೆ, ತುಂಬಾ ಇಷ್ಟ ಕೂಡ, ಆದರೆ ಅದನ್ನು ದೂರದಿಂದ ನೋಡಿಯೇ ಖುಷಿಪಡಬೇಕು.

ರೋಬೊರೊವ್‌ಸ್ಕಿ ಡ್ವಾರ್ಫ್‌ಗಳಲ್ಲೇ ಸಣ್ಣದು. ಉದ್ದ ಸುಮಾರು 5 ಸೆಂ.ಮೀ., ತೂಕ 20-25 ಗ್ರಾಂ, ಕಣ್ಣಿನ ಮೇಲೆ ಬಿಳಿ ಹುಬ್ಬು, ಬೆನ್ನಿನಲ್ಲಿ ಗೆರೆ ಇಲ್ಲ. ಮಂಗೋಲಿಯಾ, ಉತ್ತರ ಚೀನಾದ ಮರಳುಗಾಡಿನದ್ದು. ನಮ್ಮದು ರಾತ್ರಿ ಒಂಬತ್ತೂವರೆಗೆ ಮಡಕೆ ತುಂಡಿನ ಅಡಿಯಿಂದ ಮೂಗು ಮಾತ್ರ ಹೊರಗೆ ಹಾಕಿ ಸ್ವಲ್ಪ ಹೊತ್ತು ಮೂಸುತ್ತದೆ, ಆಮೇಲೆ ಇಟ್ಟ ನವಣೆಯನ್ನೆಲ್ಲ ಕೆನ್ನೆಗೆ ತುಂಬಿಕೊಂಡು, ಮುಖ ಮೈಗಿಂತ ಅಗಲವಾಗಿ, ಮತ್ತೆ ಒಳಗೆ ಓಡುತ್ತದೆ. ಹಿಡಿದರೆ ಬೆರಳಿನ ಸಂದಿಯಲ್ಲಿ ಜಾರುತ್ತದೆ. ನಿಮ್ಮದು ಹಂಚಿನ ಮನೆ, ಬೆಕ್ಕೂ ಇದೆ. ಜಾರಿದರೆ ಮತ್ತೆ ಸಿಗುವುದುಂಟಾ?

ಮಗಳಿಗೆ ವಿಂಟರ್ ವೈಟ್ ಎಂಬ ಇನ್ನೊಂದು ಡ್ವಾರ್ಫ್ ಸರಿ. ಬೆನ್ನಿನಲ್ಲಿ ದಪ್ಪ ಕಪ್ಪು ಗೆರೆ ಇರುತ್ತದೆ. ದಿನಾ ಸಂಜೆ ಹತ್ತು ನಿಮಿಷ ಅಂಗೈಯಲ್ಲಿ ಕಾಳು ಇಟ್ಟು ಸುಮ್ನೆ ಕೂತರೆ ಮೆಲ್ಲಗೆ ಹತ್ತಿಕೊಳ್ಳುತ್ತದೆ. ಹೆಸರು ಕೇಳಿ ಚಳಿಗಾಲದಲ್ಲಿ ಬೆಳ್ಳಗಾಗುತ್ತದೆ ಎಂದು ಕಾಯಬೇಡಿ. ಹಗಲು ಗಿಡ್ಡ ಆದಾಗ ಅದರ ಬಣ್ಣ ಬದಲಾಗುವುದು, ನಮ್ಮ ಕಾಸರಗೋಡಿನ ಮನೆಗಳಲ್ಲಿ ರಾತ್ರಿಯೂ ದೀಪ ಉರಿಯುವುದರಿಂದ ಹಾಗೆ ಆಗದೇ ಇರಬಹುದು. ಕ್ಯಾಂಬೆಲ್ ಎಂಬ ಡ್ವಾರ್ಫ್ ಕೂಡ ನೋಡಲು ಹೀಗೇ, ಗೆರೆ ಸಪೂರ. ಇವೆರಡರ ಮಿಶ್ರ ತಳಿಯೂ ಸಿಗುತ್ತದೆ. ಕ್ಯಾಂಬೆಲ್‌ಗೆ, ಮಿಶ್ರ ತಳಿಗೆ ಸಕ್ಕರೆ ಕಾಯಿಲೆ ಬೇಗ ಬರುತ್ತದೆ, ಆದ್ದರಿಂದ ಬಾಳೆಹಣ್ಣು, ಹಲಸಿನ ಹಣ್ಣು, ಬೆಲ್ಲ ಯಾವುದೂ ಬೇಡ.

ಒಂದೇ ತನ್ನಿ. ಎರಡೂ ಹೆಣ್ಣು ಎಂದು ಹೇಳಿದ್ದನ್ನು ನಂಬಿ ನಾನು ಜೋಡಿ ತಂದಿದ್ದೆ, ಮೂರು ವಾರ ತುಂಬುವಾಗ ಆರು ಮರಿ. ಗರ್ಭ 18-20 ದಿನ ಅಷ್ಟೇ ನೋಡಿ. ಎರಡೂ ಗಂಡಾದರೆ ರಕ್ತ ಬರುವಷ್ಟು ಕಚ್ಚಾಡಬಹುದು.

ಇನ್ನು ಸೆಕೆ. ನಮ್ಮ ಊರಿನಲ್ಲಿ ಇದೇ ದೊಡ್ಡ ಕಷ್ಟ. 20-24 ಡಿಗ್ರಿ ಇದಕ್ಕೆ ಹಿತ, 30 ದಾಟಿದರೆ ಅಪಾಯ. ಇವು ಬೆವರುವುದಿಲ್ಲ, ಹಾಗಾಗಿ ಫ್ಯಾನ್ ಹಾಕಿದರೆ ಸಾಕು ಅಂದುಕೊಳ್ಳಬೇಡಿ. ಎಪ್ರಿಲ್-ಮೇಯಲ್ಲಿ ಬಾಗಿಲು ಮುಚ್ಚುವ ತಂಪು ಕೋಣೆಯಲ್ಲಿ ಗೂಡನ್ನು ನೆಲಕ್ಕೇ ಇಡಿ, ಒಳಗೆ ಮಣ್ಣಿನ ಮಡಕೆ ತುಂಡು ಇರಲಿ, ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಹೊರಗಿನಿಂದ ಗೂಡಿಗೆ ತಾಗಿಸಿ. ಮಳೆಗಾಲದಲ್ಲಿ ಕೆಳಗೆ ಹಾಸಿದ ಕಾಗದದ ಚೂರು ಬೂಸ್ಟು ಹಿಡಿಯುತ್ತದೆ, ಒದ್ದೆ ಕಂಡ ಕೂಡಲೇ ತೆಗೆಯಿರಿ. ಮರದ ಮಿಲ್ಲಿನ ಹುಡಿ ಹಾಸಬೇಡಿ, ಮೂಗಿಗೆ ಹೋಗುತ್ತದೆ.

ತರುವ ಮೊದಲು ಆ ಕೋಣೆಯಲ್ಲಿ ಒಂದು ಥರ್ಮಾಮೀಟರ್ ನೇತುಹಾಕಿ, ಮಧ್ಯಾಹ್ನ ಎರಡು ಗಂಟೆಗೆ ಎಷ್ಟು ತೋರಿಸುತ್ತದೆ ಎಂದು ಇಲ್ಲಿ ಬರೆಯಿರಿ. ಗೂಡಿನ ಅಳತೆ ಆಮೇಲೆ ಹೇಳುತ್ತೇನೆ.